ಸಮುದ್ರದ ಪಾಲು

ಕೈಗೆ ಬಂದದ್ದು ಬಾಯಿಗೆ ಬಾರದೆ ಹೋದರೆ ನಮ್ಮ ಕಡೆ “ಸಮುದ್ರದ ಪಾಲಾಯಿತು” ಎನ್ನುತ್ತಾರೆ. ಚೀಟಿಗೆ ಕಟ್ಟಿದ ಹಣ ಮುಳುಗಿದರೂ ಸಮುದ್ರದ ಪಾಲು, ಮದುವೆಗೆ ಮಾಡಿದ ಸಾಲದ ಬಡ್ಡಿಯೂ ಸಮುದ್ರದ ಪಾಲು. ಮಳೆಗಾಲದಲ್ಲಿ ಅಣೆಕಟ್ಟು ತುಂಬಿ ಗೇಟುಗಳನ್ನು ಎತ್ತಿದಾಗ ಪತ್ರಿಕೆಗಳಲ್ಲಿ ಇದೇ ಮಾತು ದಪ್ಪಕ್ಷರದಲ್ಲಿ ಬರುತ್ತದೆ: ಇಷ್ಟು ಟಿ.ಎಂ.ಸಿ. ನೀರು ವ್ಯರ್ಥವಾಗಿ ಸಮುದ್ರದ ಪಾಲು! ಓದಿದವರ ಹೊಟ್ಟೆ ಉರಿಯುತ್ತದೆ. ಆದರೆ ‘ಪಾಲು’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಪಾಲು ಎಂದರೆ ನಷ್ಟವಲ್ಲ, ಹಕ್ಕು. ನದಿಯ ನೀರಿನಲ್ಲಿ ಸಮುದ್ರಕ್ಕೂ ಅಂಥದೊಂದು ಪಾಲು ಉಂಟೆ, ಉಂಟಾದರೆ ಏತಕ್ಕೆ ಎಂಬುದು ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ನಾನು ಮಂಡ್ಯ ಜಿಲ್ಲೆಯವನು. ವಿ.ಸಿ. ನಾಲೆಯ ನೀರಿನಲ್ಲಿ ಬೆಳೆದ ಭತ್ತ ಉಂಡು, ಕಬ್ಬು ಜಗಿದು ದೊಡ್ಡವನಾದವನು. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತನಾಗಿ ಚೆನ್ನೈಗೆ ಬಂದು ಹದಿನೇಳು ವರ್ಷವಾಯಿತು. ನನ್ನ ಎದುರು ಮೇಜಿನ ಗೆಳೆಯರು ನಾಗಪಟ್ಟಣದ ಕಡೆಯವರು. ಅವರ ತಂದೆಯೂ ನನ್ನ ತಂದೆಯಂತೆ ಭತ್ತದ ರೈತರು. ಬೆಳಿಗ್ಗೆ ಹಾಜರಿ ಹಾಕಿದ ಮೇಲೆ ನಾವಿಬ್ಬರೂ ಮೊದಲು ಮಾಡುವ ಕೆಲಸ ಪತ್ರಿಕೆಯಲ್ಲಿ ಅಣೆಕಟ್ಟಿನ ಮಟ್ಟ ನೋಡುವುದು. ನನ್ನದು ಕನ್ನಂಬಾಡಿ ಕಟ್ಟೆ, ತುಂಬಿದರೆ 124.80 ಅಡಿ. ಅವರದು ಮೆಟ್ಟೂರು, ತುಂಬಿದರೆ 120 ಅಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಖದ ಕಳೆ ಈ ಎರಡು ಅಂಕಿಗಳನ್ನು ಅವಲಂಬಿಸಿರುತ್ತದೆ.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಕಾವೇರಿ ಎಂದರೆ ಬರಿಯ ನದಿಯಲ್ಲ ಎಂಬುದನ್ನು ನಾನು ಹೇಳಬೇಕಾಗಿಲ್ಲ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಇಲ್ಲಿಯೂ ಗಾಳಿ ಬಿಸಿಯಾಗಿತ್ತು. ಆ ವಾರ ನನ್ನ ಮನೆಯಾಕೆ ಮಕ್ಕಳಿಗೆ ಬಸ್ಸಿನಲ್ಲಿ ಕನ್ನಡ ಮಾತಾಡಬೇಡಿ ಎಂದು ಹೇಳಿ ಕಳಿಸಿದಳು. ತಾಯಿಯ ಬಾಯಲ್ಲಿ ಅಂಥ ಮಾತು ಬರಬೇಕಾಯಿತಲ್ಲ ಎಂದು ನನಗೆ ಅನ್ನ ಇಳಿಯಲಿಲ್ಲ. ನಾಗಪಟ್ಟಣದ ಗೆಳೆಯರು ಆ ನಾಲ್ಕು ದಿನವೂ ಸಂಜೆ ನನ್ನ ಜೊತೆ ರೈಲ್ವೆ ಸ್ಟೇಷನ್ನಿನವರೆಗೆ ನಡೆದು ಬಂದರು. ಅವರ ಮನೆಗೆ ಹೋಗುವ ಬಸ್ಸು ಬೇರೆ ದಿಕ್ಕಿನದು. “ಕಾಲಿಗೆ ವ್ಯಾಯಾಮ ಸಾರ್” ಎಂದು ಬಿಟ್ಟರು. ದಾರಿಯುದ್ದಕ್ಕೂ ಕಾವೇರಿಯ ವಿಷಯದಲ್ಲಿ ಜಗಳವಾಡುತ್ತಲೇ ನಡೆದೆವು. ಅವರ ಲೆಕ್ಕ ಅವರಿಗೆ, ನನ್ನ ಲೆಕ್ಕ ನನಗೆ.

ಆದರೆ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮಹಾಮಳೆಯಾಯಿತು. ಕನ್ನಂಬಾಡಿಯೂ ತುಂಬಿತು, ಮೆಟ್ಟೂರೂ ತುಂಬಿತು. ತಿರುಚಿರಾಪಳ್ಳಿಯ ಬಳಿ ಮುಕ್ಕೊಂಬಿನ ಹಳೆಯ ಅಣೆಯ ಕೆಲವು ಗೇಟುಗಳು ಪ್ರವಾಹದ ಹೊಡೆತಕ್ಕೆ ಕೊಚ್ಚಿಹೋದವು. ಕೊಳ್ಳಿಡಂ ಶಾಖೆ ಅಂಚು ತುಂಬಿ ಬಂಗಾಳ ಕೊಲ್ಲಿಗೆ ಹರಿಯಿತು. ಆಗ ಗೆಳೆಯರು “ಎಲ್ಲಾ ವೇಸ್ಟ್ ಸಾರ್, ಸಮುದ್ರಕ್ಕೆ ಹೋಯಿತು” ಎಂದರು. ಊರಿನಿಂದ ಫೋನು ಮಾಡಿದ ನನ್ನ ತಂದೆಯೂ ಅದೇ ಮಾತನ್ನು ಮಂಡ್ಯದ ಕನ್ನಡದಲ್ಲಿ ಹೇಳಿದರು. ನ್ಯಾಯಾಲಯ, ನ್ಯಾಯಮಂಡಳಿ, ಪ್ರಾಧಿಕಾರ ಯಾವುದಕ್ಕೂ ಒಂದುಗೂಡಿಸಲಾಗದ ಎರಡು ರಾಜ್ಯಗಳು ಒಂದು ಮಾತಿಗೆ ಒಂದಾಗಿದ್ದವು: ಸಮುದ್ರಕ್ಕೆ ಹೋದ ನೀರು ದಂಡ. ಎರಡೂ ಕಕ್ಷಿಗಳು ಒಪ್ಪಿದ್ದನ್ನು ಯಾರೂ ಪರಿಶೀಲಿಸುವುದಿಲ್ಲವೆಂಬುದು ಕಚೇರಿಯ ಕಡತಗಳಲ್ಲಿ ನಾನು ಕಂಡ ಸತ್ಯ. ಆದ್ದರಿಂದಲೇ ಇದನ್ನು ಪರಿಶೀಲಿಸಬೇಕೆಂದು ತೋರಿತು.

ಲೆಕ್ಕದ ಗುಮಾಸ್ತನಾದ್ದರಿಂದ ಮೊದಲು ಲೆಕ್ಕವನ್ನೇ ನೋಡಿದೆ. ಕಾವೇರಿ ನ್ಯಾಯಮಂಡಳಿ 2007ರ ಫೆಬ್ರವರಿ 5ರಂದು ಕೊಟ್ಟ ಅಂತಿಮ ತೀರ್ಪಿನಲ್ಲಿ ನದಿಯ ಒಟ್ಟು ನೀರು 740 ಟಿ.ಎಂ.ಸಿ. ಎಂದು ಹಿಡಿದಿದ್ದಾರೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿದರು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ತಮಿಳುನಾಡಿನದನ್ನು 404.25ಕ್ಕೆ ಇಳಿಸಿತು. ಈ ಅಂಕಿಗಳು ನಮಗೆಲ್ಲ ಮಗ್ಗಿಯಂತೆ ಬಾಯಿಗೆ ಬರುತ್ತವೆ. ಆದರೆ ಕೂಡಿ ನೋಡಿ, 14 ಟಿ.ಎಂ.ಸಿ. ಉಳಿಯುತ್ತದೆ. ಅದರಲ್ಲಿ 10 ಪರಿಸರ ರಕ್ಷಣೆಗೆ. ಉಳಿದ 4 ಟಿ.ಎಂ.ಸಿ. ಅನಿವಾರ್ಯವಾಗಿ ಸಮುದ್ರಕ್ಕೆ ತಪ್ಪಿಸಿಕೊಂಡು ಹೋಗುವ ನೀರು. ಕೋರ್ಟು ಈ ಎರಡು ಅಂಕಿಗಳನ್ನು ಮುಟ್ಟಲಿಲ್ಲ.

ತಪ್ಪಿಸಿಕೊಂಡು ಹೋಗುವುದಂತೆ! ಎರಡು ನೂರು ರೂಪಾಯಿಗೆ ಒಂದು ರೂಪಾಯಿ, ಅದೂ ಕೊಟ್ಟದ್ದಲ್ಲ, ಜೇಬಿನ ತೂತಿನಿಂದ ಬಿದ್ದದ್ದು. ಮಳೆ ಚೆನ್ನಾಗಿ ಆದ ವರ್ಷ ಇದಕ್ಕಿಂತ ಎಷ್ಟೋ ಹೆಚ್ಚು ನೀರು ಸಮುದ್ರ ಸೇರುತ್ತದೆ, ನಿಜ. ಆದರೆ ಅದು ಹಂಚಲಾಗದೆ ಉಳಿದದ್ದು. ಹಂಚುವ ಪಂಕ್ತಿಯಲ್ಲಿ ಸಮುದ್ರಕ್ಕೆ ಎಲೆಯನ್ನೇ ಹಾಕಿಲ್ಲ.

ಸಮುದ್ರ ಈ ನೀರನ್ನು ಏನು ಮಾಡಿಕೊಳ್ಳುತ್ತದೆ? ನಾನು ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಇಪ್ಪತ್ತು ವರ್ಷ ವೋಚರು, ಬಿಲ್ಲು, ಬಾಕಿಪಟ್ಟಿಗಳ ಕೆಳಗೆ ಮುಚ್ಚಿಹೋಗಿದ್ದ ಆ ವಿದ್ಯೆಯ ಧೂಳು ಕೊಡವಿದೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಇದರಿಂದಾಗಿ ಒಂದು ಲೀಟರ್ ಸಮುದ್ರದ ನೀರು ಒಂದು ಲೀಟರ್ ಸಿಹಿನೀರಿಗಿಂತ ಸುಮಾರು 25 ಗ್ರಾಂ ಹೆಚ್ಚು ತೂಗುತ್ತದೆ. ವ್ಯತ್ಯಾಸ ಸಣ್ಣದು, ಪರಿಣಾಮ ದೊಡ್ಡದು. ನದಿ ಸಮುದ್ರಕ್ಕೆ ಸೇರಿದೊಡನೆ ಹಾಲಿನಲ್ಲಿ ಸಕ್ಕರೆಯಂತೆ ಬೆರೆತುಹೋಗುವುದಿಲ್ಲ. ಹಗುರವಾದ ಸಿಹಿನೀರು ಮೇಲೆ ತೇಲುತ್ತದೆ, ಭಾರವಾದ ಉಪ್ಪುನೀರು ಕೆಳಗಿನಿಂದ ನುಗ್ಗುತ್ತದೆ. ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ಅರ್ಧದಷ್ಟು ನೀರಿಗೆ ಎರಡು ಚಮಚ ಉಪ್ಪು ಕದಡಿ, ಬೀಟ್‌ರೂಟ್ ಬಣ್ಣ ಬೆರೆಸಿದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಇಳಿಬಿಡಿ. ಕೆಂಪು ಮೇಲೆಯೇ ನಿಲ್ಲುತ್ತದೆ. ನನ್ನ ಮಗಳ ಎದುರು ಇದನ್ನು ಮಾಡಿ ತೋರಿಸಿದಾಗ ಅವಳು ಕೇಳಿದ ಪ್ರಶ್ನೆ: “ಅಪ್ಪಾ, ಕೆಳಗಿನ ನೀರಿಗೆ ಗಾಳಿ ಹೇಗೆ ಸಿಗುತ್ತೆ?”

ಇಡೀ ವಿಷಯದ ಕೀಲಿಕೈ ಇದೇ ಪ್ರಶ್ನೆಯಲ್ಲಿದೆ. ಮೀನು, ಸಿಗಡಿ, ಏಡಿ, ಚಿಪ್ಪು ಎಲ್ಲವೂ ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಉಸಿರಾಡುತ್ತವೆ. ಅದು ಬಹಳ ಕಡಿಮೆ. 25 ಡಿಗ್ರಿ ಉಷ್ಣಾಂಶದಲ್ಲಿ ಒಂದು ಲೀಟರ್ ಸಿಹಿನೀರು 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದುಕೊಂಡರೆ, ಅಷ್ಟೇ ಸಮುದ್ರದ ನೀರು 7 ಮಿಲಿಗ್ರಾಂ ಕೂಡ ಹಿಡಿಯಲಾರದು. ಒಂದು ಲೀಟರ್ ಗಾಳಿಯಲ್ಲಿ ಅದರ ಮೂವತ್ತು ಪಟ್ಟಿಗಿಂತ ಹೆಚ್ಚಿದೆ. ಕಾಲೇಜಿನಲ್ಲಿ ಇದನ್ನು ಅಳೆಯಲು ವಿಂಕ್ಲರ್ ವಿಧಾನ ಕಲಿಸಿದ್ದರು. 1888ರ ವಿಧಾನ. ಬಾಟಲಿಯಲ್ಲಿ ನೀರು ತುಂಬಿ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಗಷ್ಟು ಇಳಿಯುತ್ತದೆ, ಇಲ್ಲದಿದ್ದರೆ ಬಿಳಿಯದು. ಬಿಳಿ ಬಂದರೆ ಆ ನೀರಿನಲ್ಲಿ ಮೀನು ಬದುಕಲಾರದು ಎಂದರ್ಥ. ನಮ್ಮಲ್ಲಿ ಬಿಳಿ ಶಾಂತಿಯ ಬಣ್ಣ, ಅಲ್ಲಿ ಸ್ಮಶಾನಶಾಂತಿಯದು.

ನದಿಯ ನೀರು ಮೇಲೆ ಪದರವಾಗಿ ನಿಂತಾಗ ಅದು ಪಾತ್ರೆಗೆ ಮುಚ್ಚಿದ ತಟ್ಟೆಯಂತೆ. ಗಾಳಿಯ ಆಮ್ಲಜನಕ ಮೇಲಿನ ಪದರಕ್ಕೆ ಸಿಗುತ್ತದೆ, ಕೆಳಕ್ಕೆ ಇಳಿಯುವುದು ಕಷ್ಟ. ಮೇಲಿನ ನೀರಿನಲ್ಲಿ ಕಣ್ಣಿಗೆ ಕಾಣದ ತೇಲುಸಸ್ಯಗಳು ಬೆಳೆದು, ಸತ್ತು, ಕೆಳಗೆ ಬೀಳುತ್ತವೆ. ತಳದಲ್ಲಿ ಬ್ಯಾಕ್ಟೀರಿಯಾಗಳು ಅವನ್ನು ಕೊಳೆಸುತ್ತ ಅಲ್ಲಿದ್ದ ಆಮ್ಲಜನಕವನ್ನು ಮುಗಿಸುತ್ತವೆ. ಹಾಗಾದರೆ ನದಿಯೇ ಸಮುದ್ರದ ಉಸಿರು ಕಟ್ಟಿಸುತ್ತದಲ್ಲ, ನೀರು ಬಿಡದಿರುವುದೇ ವಾಸಿ ಎಂದು ನನ್ನ ತಂದೆ ಇಲ್ಲಿ ಅಡ್ಡ ಹಾಕುತ್ತಿದ್ದರು. ಅಷ್ಟು ಸುಲಭವಲ್ಲ. ಆ ನದಿ ಎಷ್ಟು ಹರಿಯುತ್ತದೆ, ಯಾವಾಗ ಹರಿಯುತ್ತದೆ, ಏನನ್ನು ಹೊತ್ತು ಹರಿಯುತ್ತದೆ, ಈ ಮೂರರ ಮೇಲೆ ಎಲ್ಲ ನಿಂತಿದೆ.

ಮೂರೂ ಸರಿಯಾಗಿರುವ ಜಾಗವೊಂದು ನಮ್ಮ ನಾಡಿನಲ್ಲೇ ಇದೆ. ನನ್ನ ಮನೆಯಾಕೆ ಕುಮಟಾ ಕಡೆಯವಳು. ಆಕೆಯ ತವರಿನ ಬಳಿ ಅಘನಾಶಿನಿ ಹೊಳೆ ಸಮುದ್ರ ಸೇರುತ್ತದೆ. ದೊಡ್ಡ ಅಣೆಕಟ್ಟು ಕಾಣದ ಹೊಳೆ ಅದು. ನದಿ ಸಮುದ್ರ ಕೂಡುವ ಅಳಿವೆಯಲ್ಲಿ ಗಜನಿ ಭೂಮಿಗಳಿವೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಅಲ್ಲಿನ ಉಪ್ಪು ತೊಳೆದುಹೋಗುತ್ತದೆ. ಆಗ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಸ್ವಲ್ಪ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬರುತ್ತದೆ, ಜೊತೆಗೆ ಸಿಗಡಿ, ಮೀನಿನ ಮರಿಗಳು ಬರುತ್ತವೆ. ಕೂಳೆಯ ನಡುವೆ ಬೆಳೆಯುತ್ತವೆ. ಬೇಸಿಗೆಯಲ್ಲಿ ಹೊಳೆ ಸೊರಗಿ ನೀರು ಉಪ್ಪಾದಾಗ ಅದೇ ಅಳಿವೆಯ ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುತ್ತಾರೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ಕೆಸರಿಗಿಳಿದು ಬಳಚು ಆರಿಸುತ್ತಾರೆ. ಅನ್ನ, ಸಾರಿನ ಮೀನು, ಸಾರಿಗೆ ಉಪ್ಪು, ಮೂರನ್ನೂ ಒಂದೇ ಅಳಿವೆ ವರ್ಷದಲ್ಲಿ ಸರದಿಯ ಪ್ರಕಾರ ಕೊಡುತ್ತದೆ. ನದಿ ಏರಿ ಇಳಿಯುವುದೇ ಅವರ ಪಂಚಾಂಗ. 2024ರಲ್ಲಿ ಈ ಅಳಿವೆಯನ್ನು ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು.

ಸಿಗಡಿ ಹುಟ್ಟುವುದು ಕಡಲಿನಲ್ಲಿ, ಬೆಳೆಯುವುದು ಅಳಿವೆಯ ಸಪ್ಪೆ ನೀರಿನಲ್ಲಿ, ದೊಡ್ಡದಾದ ಮೇಲೆ ಮತ್ತೆ ಕಡಲಿಗೆ. ನಾವು ಮಕ್ಕಳನ್ನು ಬಾಲವಾಡಿಗೆ ಕಳಿಸಿದ ಹಾಗೆ. ಆ ಬಾಲವಾಡಿ ಉಪ್ಪಾಗಿಬಿಟ್ಟರೆ ಕಡಲಿನಲ್ಲಿ ಬಲೆ ಬೀಸುವವನ ಬಲೆಯೂ ಖಾಲಿ. ಸಮುದ್ರಕ್ಕೆ ಹೋದ ನೀರು ಮೀನಾಗಿ ದಡಕ್ಕೆ ಮರಳುತ್ತದೆಂಬುದು ಬಳಚು ಆರಿಸುವವರಿಗೆ ಗೊತ್ತು. ಜಮಾಖರ್ಚಿನಲ್ಲಿ ಬರೆದುಕೊಂಡಿಲ್ಲ, ಅಷ್ಟೇ.

ಅಘನಾಶಿನಿಯಿಂದ ದಕ್ಷಿಣಕ್ಕೆ ಅನತಿ ದೂರದಲ್ಲೇ ಹೊನ್ನಾವರದಲ್ಲಿ ಶರಾವತಿಯ ಅಳಿವೆ. ಅಲ್ಲಿ ನೀರಿಗೆ ಬರವಿಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಟ್ಟ ನೀರು ವರ್ಷವಿಡೀ ಕೆಳಗೆ ಬರುತ್ತದೆ. ಆದರೆ ಬೇಸಿಗೆಯಲ್ಲಿ ಉಪ್ಪಾಗಬೇಕಾದ ಅಳಿವೆ ಉಪ್ಪಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಎರಡು ಅಳಿವೆಗಳನ್ನು ಹೋಲಿಸಿ ನೋಡಿದಾಗ ಶರಾವತಿಯಲ್ಲಿ ಚಿಪ್ಪುಗಳೂ ಮೀನಿನ ಬಗೆಗಳೂ ಬಹಳ ಕಡಿಮೆಯಾಗಿದ್ದುದನ್ನು ಕಂಡರು. ಎಂದಮೇಲೆ ಸುಮ್ಮನೆ ನೀರು ಬಿಟ್ಟರೆ ಸಾಲದು. ಹಬ್ಬದ ಅಡಿಗೆ ಹಬ್ಬದ ದಿನವೇ ಆಗಬೇಕು.

ಇನ್ನು ನೀರೇ ಬಾರದಿದ್ದರೆ? ಇದಕ್ಕೆ ಲೋಕಪ್ರಸಿದ್ಧ ಉದಾಹರಣೆ ಈಜಿಪ್ಟಿನ ನೈಲ್ ನದಿ. ಅದರ ವಾರ್ಷಿಕ ನೆರೆ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದಾಗ ತೇಲುಸಸ್ಯಗಳು ಹುಲುಸಾಗಿ ಬೆಳೆದು, ಅವನ್ನು ತಿನ್ನಲು ಸಾರ್ಡೀನ್ ಮೀನುಗಳು ಬರುತ್ತಿದ್ದವು. ಸಾರ್ಡೀನ್ ಎಂದರೆ ನಮ್ಮ ಬೂತಾಯಿಯ ಬಂಧು. 1962ರಲ್ಲಿ ಸುಮಾರು 18,000 ಟನ್ ಸಿಕ್ಕಿತ್ತು. ಆಸ್ವಾನ್ ಅಣೆಕಟ್ಟು 1964ರಿಂದ ನೆರೆಯನ್ನು ಹಿಡಿದುಕೊಂಡಿತು. 1968ರ ಹೊತ್ತಿಗೆ ಸಾರ್ಡೀನ್ ಸಾವಿರ ಟನ್ನಿಗಿಂತ ಕೆಳಗಿಳಿಯಿತು. ನಮ್ಮ ಕೃಷ್ಣೆಯ ಕಥೆಯೂ ಅದೇ ಜಾಡಿನದು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಎಲ್ಲರೂ ಕಟ್ಟೆ ಕಟ್ಟಿಕೊಂಡ ಮೇಲೆ, 2001ರಿಂದ 2004ರವರೆಗಿನ ಬರಗಾಲದಲ್ಲಿ ಕೃಷ್ಣೆಯಿಂದ ಕಡಲಿಗೆ ಹೆಚ್ಚುಕಡಿಮೆ ಏನೂ ತಲುಪಲಿಲ್ಲ.

ನದಿ ಹಿಂದೆ ಸರಿದ ಜಾಗಕ್ಕೆ ಸಮುದ್ರ ಮುಂದೆ ಬರುತ್ತದೆ. ಕಾವೇರಿ ಮುಖಜಭೂಮಿಯ ದಕ್ಷಿಣದ ತುದಿಯಲ್ಲಿ ಮುತ್ತುಪೇಟೆಯ ಕಾಂಡ್ಲಾ ಕಾಡಿದೆ. ಸಿಹಿನೀರು ಕಡಿಮೆಯಾದಂತೆ ಅಲ್ಲಿ ಉಪ್ಪು ತಾಳುವ ಒಂದೇ ಜಾತಿಯ ಮರ ಮೆರೆದು, ಉಳಿದವು ಹಿಮ್ಮೆಟ್ಟಿವೆ. ನಾಗಪಟ್ಟಣದ ಗೆಳೆಯರ ಮನೆಯ ಬಾವಿ ಅವರ ಅಜ್ಜಿಯ ಕಾಲದಲ್ಲಿ ಊರಿಗೇ ಕುಡಿಯುವ ನೀರು ಕೊಡುತ್ತಿತ್ತಂತೆ. ಈಗ ಅದರಲ್ಲಿ ಬೇಳೆ ಬೇಯುವುದಿಲ್ಲ. ಪಂಪುಸೆಟ್ಟುಗಳು ಒಳನೀರನ್ನು ಎಳೆದದ್ದೂ ಕಾರಣ, ಮೇಲಿನಿಂದ ನದಿ ತುಂಬಿಕೊಡದಿದ್ದುದೂ ಕಾರಣ. “ನಿಮ್ಮ ಕಟ್ಟೆ ಸಾರ್” ಎಂದು ಅವರು ತಮಾಷೆ ಮಾಡಿದಾಗ, “ನಿಮ್ಮ ಪಂಪು ಸಾರ್” ಎಂದು ನಾನು ಮಾರುತ್ತರ ಕೊಟ್ಟೆ. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿತ್ತು.

ಮೂರನೆಯದು ನದಿ ಹೊತ್ತು ತರುವ ಸರಕು. ಅಮೆರಿಕದ ಮಿಸಿಸಿಪ್ಪಿ ನದಿಗೆ ನೀರಿನ ಕೊರತೆಯಿಲ್ಲ. ಅದು ಜೋಳದ ಹೊಲಗಳ ಸಾರಜನಕ, ರಂಜಕ ಗೊಬ್ಬರವನ್ನೆಲ್ಲ ತೊಳೆದು ಮೆಕ್ಸಿಕೋ ಕೊಲ್ಲಿಗೆ ಸುರಿಯುತ್ತದೆ. ಗೊಬ್ಬರ ತಿಂದು ತೇಲುಸಸ್ಯಗಳು ವಿಪರೀತ ಬೆಳೆದು, ಸತ್ತು, ತಳದಲ್ಲಿ ಕೊಳೆಯುತ್ತವೆ. ಮೇಲೆ ಸಿಹಿನೀರಿನ ಮುಚ್ಚಳ. ಪ್ರತಿ ಬೇಸಿಗೆಯಲ್ಲೂ ತಳದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿಯುತ್ತದೆ. ಮೀನುಗಳು ಓಡಿಹೋಗುತ್ತವೆ, ಓಡಲಾರದವು ಸಾಯುತ್ತವೆ. ವಿಜ್ಞಾನಿ ನ್ಯಾನ್ಸಿ ರಬಲೈಸ್ ಮತ್ತು ಅವರ ಸಂಗಡಿಗರು 1985ರಿಂದ ಇದರ ವಿಸ್ತಾರವನ್ನು ಅಳೆಯತೊಡಗಿದರು. 2017ರಲ್ಲಿ ಅದು 22,720 ಚದರ ಕಿಲೋಮೀಟರ್ ಇತ್ತು. ಅದಕ್ಕೆ ಅಲ್ಲಿನವರು ಇಟ್ಟ ಹೆಸರು ಮೃತವಲಯ. ನೈಲ್ ನದಿಯ ಕಥೆಗೂ ಇಂಥದೇ ಬಾಲವೊಂದಿದೆ. 1980ರ ದಶಕದಿಂದ ಅಲ್ಲಿ ಮೀನು ಮತ್ತೆ ಹೆಚ್ಚಿತು. ಹೊಲದ ಗೊಬ್ಬರವೂ ಕೈರೋ, ಅಲೆಕ್ಸಾಂಡ್ರಿಯಾ ನಗರಗಳ ಚರಂಡಿಯೂ ಹಳೆಯ ನೆರೆಯ ಕೆಲಸ ಮಾಡಿದವೆಂದು ವಿಜ್ಞಾನಿಗಳು ಹೇಳುತ್ತಾರೆ. ಮಿತದಲ್ಲಿ ಅನ್ನ, ಅತಿಯಾದರೆ ಅಜೀರ್ಣ.

ಇದಕ್ಕಾಗಿ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬೆಸೆಂಟ್ ನಗರದ ಉತ್ತರಕ್ಕೆ, 1977ರ ನೆರೆಯಲ್ಲಿ ಮುರಿದುಬಿದ್ದ ಸೇತುವೆಯ ಬಳಿ ನಿಂತರೆ ಅಡ್ಯಾರ್ ನದಿ ಸಮುದ್ರ ಸೇರುವುದು ಕಾಣುತ್ತದೆ. ಸೇರುವುದು ಎಂದೆ, ಎಷ್ಟೋ ತಿಂಗಳು ಸೇರುವುದಿಲ್ಲ. ನದಿಗೆ ತನ್ನ ಬಾಯಿ ತೆರೆದಿಟ್ಟುಕೊಳ್ಳುವ ರಭಸವಿಲ್ಲದೆ ಮರಳು ಅಡ್ಡ ಕಟ್ಟುತ್ತದೆ. ಒಳಗೆ ನಿಂತದ್ದು ಮಳೆನೀರಲ್ಲ, ನಾವು ನೀವು ಬೆಳಿಗ್ಗೆ ಸ್ನಾನ ಮಾಡಿ, ಪಾತ್ರೆ ತೊಳೆದು, ಶೌಚಾಲಯದಲ್ಲಿ ಸುರಿದದ್ದು. ಆಗಾಗ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ ಸುದ್ದಿ ಬರುತ್ತದೆ. ವಿಂಕ್ಲರನ ಬಾಟಲಿ ಬೇಕಾಗಿಲ್ಲ, ಮೂಗೇ ಸಾಕು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಪ್ರಕೃತಿಯೇ ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಇಡುತ್ತದೆ. ನೈಋತ್ಯ ಮಾರುತದ ಕಾಲದಲ್ಲಿ ಅರಬ್ಬಿ ಸಮುದ್ರದ ಆಳದಿಂದ ಆಮ್ಲಜನಕ ಕಡಿಮೆಯಿರುವ ತಣ್ಣನೆಯ ನೀರು ದಡದ ಕಡೆಗೆ ಏರಿ ಬರುತ್ತದೆ. ಅದೇ ಹೊತ್ತಿಗೆ ಘಟ್ಟದ ಹೊಳೆಗಳೂ ಮಳೆಯೂ ಸೇರಿ ಮೇಲೆ 5ರಿಂದ 10 ಮೀಟರ್ ದಪ್ಪದ ಸಿಹಿನೀರಿನ ಪದರ ಹಾಸುತ್ತವೆ. ಕೆಳಗಿನ ನೀರಿಗೆ ಗಾಳಿ ಸಿಗದೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೆಲವೆಡೆ ಆಮ್ಲಜನಕ ಪೂರ್ತಿ ಮುಗಿದು, ಕೊಳೆತ ಮೊಟ್ಟೆಯ ವಾಸನೆಯ ಅನಿಲವೂ ಹುಟ್ಟುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇದರ ವಿಸ್ತಾರ ಸುಮಾರು 1,80,000 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಕರ್ನಾಟಕ ರಾಜ್ಯದಷ್ಟು. ಮಾರುತ ತಿರುಗಿದ ಮೇಲೆ ನೀರು ಕದಡಿ ಸಮುದ್ರ ಮತ್ತೆ ಉಸಿರಾಡುತ್ತದೆ. ಲಕ್ಷಾಂತರ ವರ್ಷದ ಈ ಏರಿಳಿತಕ್ಕೆ ಅಲ್ಲಿನ ಜೀವಿಗಳು ಒಗ್ಗಿಕೊಂಡಿವೆ. ಆದರೆ ಮೊದಲೇ ಏದುಸಿರು ಬಿಡುತ್ತಿರುವವನ ಮೂಗಿನ ಮುಂದೆ ನಾವು ಹೊಗೆ ಹಾಕಬಾರದಲ್ಲವೆ?

ಪೂರ್ವದ ಕಡಲಿನ ಸಂಗತಿ ಇನ್ನೂ ಸೊಗಸಾದದ್ದು. ಮಳೆಗಾಲ ಮುಗಿದ ಮೇಲೆ ಗಂಗಾ, ಬ್ರಹ್ಮಪುತ್ರ, ಮಹಾನದಿಗಳ ಸಿಹಿನೀರು ಬಂಗಾಳ ಕೊಲ್ಲಿಯ ಉತ್ತರದಿಂದ ಹೊರಟು, ಕರಾವಳಿಗೆ ಅಂಟಿಕೊಂಡು, ಸುಮಾರು ನೂರು ಕಿಲೋಮೀಟರ್ ಅಗಲದ ಪಟ್ಟಿಯಾಗಿ ದಕ್ಷಿಣಕ್ಕೆ ಹರಿದು ಬರುತ್ತದೆ. ಇದನ್ನು ಗುರುತಿಸಲು ವಿಜ್ಞಾನಿಗಳು ದೊಡ್ಡ ಹಡಗನ್ನು ನೆಚ್ಚಲಿಲ್ಲ, ಕರಾವಳಿಯ ಬೆಸ್ತರನ್ನು ನೆಚ್ಚಿದರು. ಅವರು ಕೆಲವು ದಿನಗಳಿಗೊಮ್ಮೆ ಬಾಟಲಿಗಳಲ್ಲಿ ಕಡಲ ನೀರು ತುಂಬಿ ಕೊಟ್ಟರು. ಅದರ ಉಪ್ಪು ಅಳೆದು ಬರೆದ ಲೇಖನ 2014ರಲ್ಲಿ ಪ್ರಕಟವಾಯಿತು. ‘ಸಮುದ್ರದೊಳಗಿನ ನದಿ’ ಎಂದು ಅದನ್ನು ಕರೆದರು. ದೀಪಾವಳಿಯ ಆಸುಪಾಸಿನಲ್ಲಿ ಮೆರೀನಾ ತೀರದಲ್ಲಿ ಕಾಲು ತೊಳೆಯುವಾಗ ನೆನಪಿಟ್ಟುಕೊಳ್ಳಿ, ಆ ಅಲೆಯಲ್ಲಿ ಬಂಗಾಳದ, ಒರಿಸ್ಸಾದ ನದಿಗಳ ನೀರೂ ಇದ್ದೀತು. ದಡದ ಮೇಲೆ ರಾಜ್ಯಗಳ ಗಡಿಯಿದೆ, ನೀರಿನಲ್ಲಿ ಇಲ್ಲ.

ಇದನ್ನೆಲ್ಲ ತಂದೆಗೆ ಹೇಳಬೇಕೆನಿಸಿತು. ಒಮ್ಮೆ ತುಲಾ ಮಾಸದಲ್ಲಿ ಅವರು ನಮ್ಮಲ್ಲಿಗೆ ಬಂದಿದ್ದರು. ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ಆ ತಿಂಗಳಿಡೀ ಮಯಿಲಾಡುದುರೈಯಲ್ಲಿ ಕಾವೇರಿ ಸ್ನಾನ ನಡೆಯುತ್ತದೆ. ಗೆಳೆಯರೇ ಕರೆದುಕೊಂಡು ಹೋದರು. ಸ್ನಾನ ಮುಗಿಸಿ ಪೂಂಪುಹಾರಿಗೆ ಹೋದೆವು. ಅಲ್ಲಿ ಕಾವೇರಿ ಕಡಲು ಸೇರುತ್ತಾಳೆ. ಶ್ರೀರಂಗಪಟ್ಟಣವನ್ನು ಎರಡು ತೋಳಿನಲ್ಲಿ ತಬ್ಬಿದ ನದಿಯನ್ನು ನೋಡಿದ ಕಣ್ಣಿಗೆ ಅದು ನಮ್ಮೂರ ನಾಲೆಯಷ್ಟೇ ಕಂಡಿತು. ದಾರಿಯಲ್ಲಿ ಕವಲು ಕವಲಾಗಿ ಗದ್ದೆಗಳಿಗೆ ಹಂಚಿಹೋಗಿ ಉಳಿದದ್ದು. ತಂದೆ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು ಉಗಿದರು. “ಉಪ್ಪು ಕಣಪ್ಪ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟೇನಾ ನಮ್ಮವ್ವ?” ಎಂದರು.

ನಾನು ಸಿಗಡಿಯ ಬಾಲವಾಡಿಯಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಗೆಳೆಯರು ತಮಗೆ ಬಂದ ಅರೆಕನ್ನಡದಲ್ಲಿ ದನಿಗೂಡಿಸಿದರು. ಎಲ್ಲ ಕೇಳಿ ತಂದೆ ಹೇಳಿದ್ದು ಇಷ್ಟು: “ನೀನೇಳೋದು ಸರಿ ಮಗ. ಆದ್ರೆ ಕಟ್ಟು ನೀರಿಗೆ ಕಾದು ಕೂತು ಪೈರು ಒಣಗೋದ ನೋಡ್ದೋನ್ಗೆ ಹೋಗಿ ಈ ಮಾತ ಹೇಳು, ನೋಡವ.” ಗೆಳೆಯರೂ ತಲೆ ತಗ್ಗಿಸಿದರು. ಅವರ ತಂದೆಯೂ ಅದನ್ನೇ ಹೇಳುತ್ತಿದ್ದರೇನೋ. 2023ರಲ್ಲಿ ಮಳೆ ಕೈಕೊಟ್ಟು ಎರಡೂ ಕಡೆ ಮತ್ತೆ ಬಂದ್, ಧರಣಿ ನಡೆದಾಗ ನನಗೆ ನೆನಪಾದದ್ದು ತಂದೆಯ ಈ ಮಾತೇ.

ಇದಕ್ಕೆ ನನ್ನಲ್ಲಿ ಜಾಣ ಉತ್ತರವಿಲ್ಲ. ಬರಗಾಲದಲ್ಲಿ ರೈತನ ಬಾಯಿಂದ ಕಿತ್ತು ಸಿಗಡಿಗೆ ಕೊಡಿ ಎಂದು ನಾನು ಹೇಳಲಾರೆ. ನಾನು ಉಣ್ಣುವ ಅನ್ನವೂ ಆ ಗದ್ದೆಯದೇ. ಆದರೆ ಸಮುದ್ರದ ದಂಡೆಯಲ್ಲೂ ಬಡವನಿದ್ದಾನೆ. ಬಲೆ ಖಾಲಿಯಾದ ಬೆಸ್ತ, ಬಾವಿ ಉಪ್ಪಾದ ಮನೆಯಾಕೆ, ಕೆಸರಿನಲ್ಲಿ ಬಳಚು ಹುಡುಕುವ ಮುದುಕಿ, ಇವರು ಯಾವ ನ್ಯಾಯಮಂಡಳಿಯ ಮುಂದೆಯೂ ವಾದಿಗಳಾಗಿ ನಿಂತವರಲ್ಲ. ಕಾವೇರಿಯ ಲೆಕ್ಕದಲ್ಲಿ ಸಮುದ್ರದ ಹೆಸರಿನ ಕೆಳಗೆ ಇವರೆಲ್ಲ ಇದ್ದಾರೆ. ಎರಡು ಹಸಿವುಗಳ ನಡುವೆ ಹಂಚುವುದು ಕಷ್ಟವೇ. ಒಂದು ಹಸಿವು ಇಲ್ಲವೇ ಇಲ್ಲ ಎಂದು ಬರೆದುಕೊಳ್ಳುವುದು ಮಾತ್ರ ಸುಳ್ಳು ಲೆಕ್ಕ.

ಮಳೆ ತುಂಬಿದ ವರ್ಷಗಳಲ್ಲಾದರೂ ಹೊಸ ನೆರೆಯನ್ನು ಕಾಲಕ್ಕೆ ಸರಿಯಾಗಿ ಕೆಳಗೆ ಬಿಡುವ ವಿವೇಕ ಎರಡೂ ಕಡೆಯ ಇಂಜಿನಿಯರುಗಳಿಗೆ ಬಂದರೆ ಒಳ್ಳೆಯದು. ಗುಮಾಸ್ತನ ಕೈಯಲ್ಲಿ ಅದಿಲ್ಲ. ಆದರೆ ನಗರದಲ್ಲಿ ವಾಸಿಸುವ ನಾವು ನದಿಗೆ ಏನನ್ನು ಸುರಿಯುತ್ತೇವೆಂಬುದು ಅಷ್ಟಿಷ್ಟು ನಮ್ಮ ಕೈಯಲ್ಲಿದೆ. ನಮ್ಮ ವಠಾರದ ಇಪ್ಪತ್ತೆರಡು ಮನೆಗಳ ಕೊಳಚೆ ನೇರವಾಗಿ ಮಳೆನೀರಿನ ಕಾಲುವೆಗೆ, ಅಲ್ಲಿಂದ ಅಡ್ಯಾರಿಗೆ ಹೋಗುತ್ತಿತ್ತು. ನಾಲ್ಕು ಅರ್ಜಿ, ಒಂಬತ್ತು ತಿಂಗಳ ಓಡಾಟದ ನಂತರ ಕಳೆದ ವರ್ಷ ಅದನ್ನು ಒಳಚರಂಡಿಗೆ ಜೋಡಿಸಿಕೊಟ್ಟರು. ಅರ್ಜಿ ಬರೆಯುವುದೊಂದನ್ನು ನಾನು ಚೆನ್ನಾಗಿ ಕಲಿತಿದ್ದೇನೆ. ಸಂಘದ ಸದಸ್ಯರಲ್ಲಿ ಯಾರಿಗಾದರೂ ತಮ್ಮ ಬೀದಿಗಾಗಿ ಅಂಥ ಅರ್ಜಿ ಬೇಕಿದ್ದರೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಡಲು ಸಿದ್ಧ. ತಮಿಳು ಕರಡನ್ನು ನಾಗಪಟ್ಟಣದ ಗೆಳೆಯರು ತಿದ್ದಿಕೊಡುತ್ತಾರೆ.